ಕೊಡಕ್ಕೆ ಸುತ್ತಿದ ಪಟಗಾ

ಜನವರಿ ೧೨, ೨೦೨೫. ರವಿವಾರ, ಸುರೇಬಾನ

ಈ ಡೈರಿ ರಾಮದುರ್ಗದ ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಮೊದಲ ಹನ್ನೊಂದು ಪುಟ ಖಾಲಿ ಬಿಟ್ಟಿದ್ದೇನೆ. ಧನುರ್ಮಾಸದಲ್ಲಿ ಮದುವೆ ಇಲ್ಲ; ಮದುವೆ ಇಲ್ಲದಿದ್ದರೆ ಪಟಗಾ ಇಲ್ಲ; ಪಟಗಾ ಇಲ್ಲದಿದ್ದರೆ ಈ ಕಾಡಪ್ಪನಿಗೆ ಬರೆಯುವಂಥ ಸುದ್ದಿ ಎಲ್ಲಿಂದ ಬರಬೇಕು?

ಸುರೇಬಾನದ ಕಾಡಪ್ಪ ಯಾರು ಎಂದು ಸವದತ್ತಿಯಲ್ಲಿ ಕೇಳಲಿ, ಕಿತ್ತೂರಿನಲ್ಲಿ ಕೇಳಲಿ, ಮದುಮಗನ ತಲೆಗೆ ಪಟಗಾ, ಅಂದರೆ ಪೇಟ, ಸುತ್ತುವವನು ಎಂದು ತೊಟ್ಟಿಲ ಕೂಸೂ ಹೇಳುತ್ತದೆ. ಏಳನೇ ಇಯತ್ತೆ ಓದಿದ ಈ ಕೈಯಲ್ಲಿ ಒಂಬತ್ತು ಥರದ ಸುತ್ತು ಇವೆ. ಹದಿನೆಂಟು ಮೊಳದ ಬಟ್ಟೆಯನ್ನು ಕನ್ನಡಿ ಇಲ್ಲದೆ ಸುತ್ತುತ್ತೇನೆ. ಒಮ್ಮೆ ಓಡುತ್ತಿದ್ದ ಟ್ರ್ಯಾಕ್ಟರಿನಲ್ಲಿ ನಿಂತು ಮದುಮಗನಿಗೂ ಅವನ ಅಪ್ಪನಿಗೂ ಸುತ್ತಿದೆ. ಅಪ್ಪನದು ಸ್ವಲ್ಪ ಓರೆಯಾಯಿತು. ಆದರೆ ಅವನ ತಲೆಯೇ ಓರೆ.

ಇವತ್ತು ಮಧ್ಯಾಹ್ನ ಶಿವಾನಿ ಬಂದಳು. ಬೈಲಹೊಂಗಲದ ನನ್ನ ತಂಗಿ ರಾಜೇಶ್ವರಿಯ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಬಟ್ಟೆಯ ಡಿಸೈನ್ ಕಲಿತು ಅಲ್ಲಿಯೇ ಯಾರದೋ ಕೈಕೆಳಗೆ ಕೆಲಸ ಮಾಡುತ್ತಾಳೆ. ಗಂಡುಹುಡುಗರಂತೆ ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು. ಅಪ್ಪ ಸತ್ತ ವರ್ಷವೇ ಕತ್ತರಿಸಿಕೊಂಡಳು, ಮತ್ತೆ ಬೆಳೆಸಲಿಲ್ಲ. ಯಾಕೋ ಏನೋ.

“ಮಾಮಾ, ಫೆಬ್ರವರಿ ಎಂಟಕ್ಕ ಬೆಂಗಳೂರಾಗ ಫ್ಯಾಶನ್ ವೀಕಿನ್ಯಾಗ ನನಗೊಂದು ಶೋ ಸಿಕ್ಕೈತಿ. ಹದಿಮೂರು ಮಂದಿ ನಾ ಹೊಲದಿದ್ದು ಹಾಕ್ಕೊಂಡು ನಡೀತಾರ. ಹದಿಮೂರೂ ತಲಿ ಮ್ಯಾಲ ಪಟಗಾ ಬೇಕು. ನೀ ಬರ್ತಿ?”

“ವೀಕ್ ಅಂದ್ರ ವಾರ. ವಾರಗಟ್ಟಲೆ ಮಂದಿ ಅರಿವಿ ನೋಡಕೋತ ಕುಂದರತಾರೇನ?”

“ಕುಂದರತಾರ. ನನ್ನ ಪಾಳಿ ಹನ್ನೆರಡು ನಿಮಿಷ ಅಷ್ಟ.”

“ಹನ್ನೆರಡು ನಿಮಿಷಕ್ಕ ನಾನ ಬೇಕಾ? ಕರ್ನಾಟಕದಾಗ ಮತ್ಯಾರೂ ಸಿಗಲಿಲ್ಲನ್ನು.”

“ಸಿಗಲಿಲ್ಲ ಮಾಮಾ.”

ಹುಡುಗಿಗೆ ಬುದ್ಧಿ ಇದೆ. ಎರಡು ವರ್ಷ ಅರ್ಜಿ ಹಾಕಿ, ಎರಡು ವರ್ಷ ಬೇಡವೆನಿಸಿಕೊಂಡು, ಈಗ ಸಿಕ್ಕಿದೆಯಂತೆ. “ಇದು ಚಲೋ ಆದ್ರ ನನ್ನ ಹೆಸರಲೆ ಹೊಲೀತೇನಿ. ಆಗಲಿಲ್ಲಂದ್ರ ಜನ್ಮಪೂರ್ತಿ ಮಂದಿ ಹೆಸರಲೆ” ಎಂದಳು. ನಾನು ಬರುತ್ತೇನೆ ಎಂದು ತೊಡೆ ತಟ್ಟಿದೆ. ಆಮೇಲೆ ಮೆಲ್ಲಗೆ ಹೇಳಿದಳು: “ಹದಿಮೂರರಾಗ ಏಳು ಹುಡುಗ್ಯಾರು.”

ಚಹಾದ ಬಸಿಯನ್ನು ಕೆಳಗಿಟ್ಟೆ.

ಹೆಣ್ಣಿನ ತಲೆಗೆ ಪಟಗಾ ಸುತ್ತುವುದು ನಮ್ಮಲ್ಲಿ ಇಲ್ಲ. ಪಟಗಾ ಎಂದರೆ ಮನೆಯ ಯಜಮಾನಿಕೆ. ಅಪ್ಪ ತೀರಿದ ಹನ್ನೊಂದನೆಯ ದಿನ ಮಗನನ್ನು ಮಣೆಯ ಮೇಲೆ ಕೂಡಿಸಿ, ಯಾರ ಮಗ ಎಂದು ನಾಲ್ಕು ಮಂದಿಯ ಮುಂದೆ ಕೇಳಿ, ಸೋದರಮಾವ ಪಟಗಾ ಸುತ್ತುತ್ತಾನೆ. ಅವತ್ತಿನಿಂದ ಮನೆ ಅವನದು. ಶಿವಾನಿಯ ಅಪ್ಪ ಬಸವಲಿಂಗ ಒಂಬತ್ತು ವರ್ಷದ ಹಿಂದೆ ತೀರಿದಾಗ ಸುತ್ತಿದವನು ನಾನೇ. ಗಂಡುಮಗ ಇರಲಿಲ್ಲವಾಗಿ ಬಸವಲಿಂಗನ ಅಣ್ಣನ ಮಗ ಶ್ರೀಶೈಲನಿಗೆ ಸುತ್ತಿದೆ. ಹದಿನಾರರ ಶಿವಾನಿ ಬಾಗಿಲಲ್ಲಿ ನಿಂತು “ನನಗ್ಯಾಕಿಲ್ಲ ಮಾಮಾ?” ಅಂದಿದ್ದಳು. “ನಿನ್ನ ಜಡಿ ಮ್ಯಾಲ ಪಟಗಾ ನಿಂದರಂಗಿಲ್ಲವಾ” ಅಂದೆ. ಕೂಡಿದ ಮಂದಿಯೆಲ್ಲ ನಕ್ಕರು. ಸಾವಿನ ಮನೆಯಲ್ಲೂ ನಗಿಸಬಲ್ಲವನು ನಾನು.

ಈ ಮಾತು ಈಗ ಯಾಕೆ ಬರೆದೆ? ಇರಲಿ. ಆಗುವುದಿಲ್ಲ ಎಂದು ಶಿವಾನಿಗೆ ಹೇಳಿದೆ. “ಯೋಚನಿ ಮಾಡು ಮಾಮಾ” ಎಂದು ಸಂಜೆಯ ಬಸ್ಸಿಗೆ ಹೋದಳು.

ಜನವರಿ ೧೪. ಮಂಗಳವಾರ, ಸಂಕ್ರಾಂತಿ

ಬುತ್ತಿ ಕಟ್ಟಿಕೊಂಡು ನವಿಲುತೀರ್ಥಕ್ಕೆ ಹೋಗಿದ್ದೆವು. ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವಾಗ ನನ್ನ ಪಟಗಾವನ್ನು ಗುರವ್ವನ ಕೈಗೆ ಕೊಟ್ಟೆ. ಮೂವತ್ತು ವರ್ಷದ ಸಂಸಾರದಲ್ಲಿ ಅದನ್ನು ನೆಲಕ್ಕಿಡಬಾರದು ಎಂಬುದನ್ನು ಅವಳು ಒಮ್ಮೆಯೂ ಮರೆತಿಲ್ಲ. ತಾಮ್ರದ ಕೊಡವನ್ನು ಬೋರಲು ಹಾಕಿ ಅದರ ಮೇಲಿಟ್ಟಳು. ನೀರಿನಿಂದ ತಲೆ ಎತ್ತಿ ನೋಡುತ್ತೇನೆ: ದಂಡೆಯ ಮೇಲೆ ಕೊಡವು ಪಟಗಾ ಹಾಕಿಕೊಂಡು ಪಾಟೀಲರ ಠೀವಿಯಲ್ಲಿ ಕೂತಿದೆ!

ಇಂಥ ಯೋಚನೆ ಬರಲಿಕ್ಕೆ ನನ್ನಂಥ ತಲೆಯೇ ಬೇಕು. ಒದ್ದೆ ಮೈಯಲ್ಲೇ ಫೋನ್ ಮಾಡಿದೆ.

“ಶಿವಾನಿ, ಹುಡುಗ್ಯಾರ ತಲಿಗೆ ನಾ ಸುತ್ತಂಗಿಲ್ಲ. ಕೊಡಕ್ಕ ಸುತ್ತತೇನಿ. ಗಟ್ಟಿ ಗಂಜಿ ಹಾಕಿ ಟೊಪಗಿ ಆಗೂಹಂಗ ಒಣಗಸತೇನಿ. ಕೊಡದಿಂದ ತಗದು ಯಾರ ತಲಿ ಮ್ಯಾಲರ ಇಡು. ನಾ ಆಕಡೆ ಮಾರಿ ಮಾಡಿ ನಿಂತಿರತೇನಿ.”

ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಆಮೇಲೆ, “ಹೌದಪಾ. ಕೊಡಕ್ಕ ಜಡಿ ಇರಂಗಿಲ್ಲಲ್ಲ” ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ.

ಜನವರಿ ೧೯. ರವಿವಾರ

ಓಣಿಯಲ್ಲಿ ಏಳು ಮನೆಯಿಂದ ಏಳು ಕೊಡ ತಂದಿದ್ದೇನೆ. ಹುಡುಗಿಯರ ತಲೆಯೆಲ್ಲ ಒಂದೇ ಅಳತೆ ಇರುವುದಿಲ್ಲ ಎಂದು ದೊಡ್ಡವು, ಸಣ್ಣವು ಎಲ್ಲ ಇವೆ. ಬಿಳಿ ಮಲ್ಲಿನ ಬಟ್ಟೆಯನ್ನು ಜೋಳದ ಗಂಜಿಯಲ್ಲಿ ಅದ್ದಿ ಕಟ್ಟೆಯ ಮೇಲೆ ಕೂತು ಸುತ್ತುತ್ತಿದ್ದೆ. ಬೀರಪ್ಪ ಬಂದ. ನನ್ನ ಜೊತೆ ಏಳನೆಯವರೆಗೆ ಓದಿದ ಗೆಳೆಯ, ನನ್ನನ್ನು ಕಾಡುವುದೇ ಅವನ ಕಸುಬು.

“ಏನಲೇ ಕಾಡ್ಯಾ, ಕೊಡಗೋಳ್ದ ಮದಿವಿ ಇಟಗೊಂಡಿಯೇನ?”

“ಹೂಂ. ಈ ಮದುಮಗ ನಿನಗಿಂತ ಚಲೋ ನೋಡು. ತುಂಬಿದ್ರ ಸಪ್ಪಳ ಮಾಡಂಗಿಲ್ಲ.”

“ಬೆಂಗಳೂರಾಗ ನಿಂಗೇನ ಕೆಲಸಪಾ?”

ಹದಿಮೂರು ಮಂದಿಗೆ ಪಟಗಾ ಸುತ್ತುವುದು ಎನ್ನಬೇಕಾಗಿತ್ತು. ಬಾಯಿಂದ ಬಂದದ್ದು ಬೇರೆ: “ಫ್ಯಾಶನ್ ವೀಕಿಗೆ ಮುಖ್ಯ ಅತಿಥಿ ಅದೇನಿ.” ಸಂಜೆಗೆ ಇಡೀ ಸುರೇಬಾನಕ್ಕೆ ಗೊತ್ತಾಗಿತ್ತು. ಪಂಚಾಯ್ತಿಯವರು ಹಾರ ಹಾಕಬೇಕು ಎನ್ನುತ್ತಿದ್ದಾರೆ. ಬೇಡ ಎನ್ನಲಿಲ್ಲ.

ಗುರವ್ವ ಒಂದು ಕೊಡವನ್ನು ತಿರುವಿ ತಿರುವಿ ನೋಡಿದಳು. “ಕೊಡದ ತಲಿ ದುಂಡಗ ಇರತೈತಿ. ಹೆಣ್ಣಮಕ್ಕಳ ತಲಿ ಹಂಗ ಇರಂಗಿಲ್ರಿ.”

“ಮೂವತ್ತು ವರ್ಷ ಸಂಸಾರ ಮಾಡೇನಿ. ಹೆಣ್ಣಿನ ತಲಿ ನನಗ ಗೊತ್ತಿಲ್ಲೇನ?”

“ಇಲ್ಲ” ಎಂದು ಒಳಗೆ ಹೋದಳು.

ಫೆಬ್ರವರಿ ೪. ಮಂಗಳವಾರ, ರೈಲಿನಲ್ಲಿ

ಹುಣ್ಣಿಮೆ ಹತ್ತಿರ ಬಂದಿದೆ, ಮೇಲಾಗಿ ಮಂಗಳವಾರ. ಸವದತ್ತಿಯ ಬಸ್ಸೆಂದರೆ ದೇವಿಯ ಕೊಡ ಹೊತ್ತು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರದೇ ಬಸ್ಸು. ಹಿಂದಿನ ಉದ್ದನೆಯ ಸೀಟಿನ ಮೇಲೆ ಏಳು ಕೊಡಗಳನ್ನು ಸಾಲಾಗಿ ಕೂಡಿಸಿ, ಕೊನೆಯಲ್ಲಿ ನಾನು ಕೂತೆ. ಪಟಗಾ ಸುತ್ತಿದವರು ಎಂಟು ಮಂದಿ ಆದೆವು.

ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ ಎದ್ದು ನಿಂತಳು. “ಯಾವೂರ ಕೊಡಾರಿ ಇವು? ತಾಯಿ ಎಲ್ಲಿಗೆ ಹೊಂಟಾಳ?”

ನನ್ನ ನಾಲಿಗೆಗೆ ಮೂಳೆ ಇಲ್ಲ. “ಬೆಂಗಳೂರಿಗೆ” ಎಂದೆ.

ಮುದುಕಿ ಸೊಂಟದ ಚೀಲದಿಂದ ಅರಿಸಿನದ ಭಂಡಾರ ತೆಗೆದು ಏಳಕ್ಕೂ ಹಚ್ಚಿ ಕೈಮುಗಿದಳು. “ಉಧೋ ಉಧೋ” ಅಂದಳು. ಇಡೀ ಬಸ್ಸು “ಉಧೋ” ಎಂದಿತು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಅಲ್ರಿ, ಇವು ಬಟ್ಟೆ, ಇವು ಹುಡುಗಿಯರ ತಲೆಗೆ ಇಡುವಂಥವು ಎಂದು ಹೇಳಬೇಕೆಂದುಕೊಂಡೆ. ಆದರೆ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಕೊಡದ ಮುಂದೆ ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ ಸೀಟಿನ ಮೂಲೆಗೆ ಸರಿದು ಜಾಗ ಬಿಟ್ಟೆ. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಕೊಡಗಳಿಗೆ ಟಿಕೆಟ್ ಕೇಳಲಿಲ್ಲ. ಸವದತ್ತಿಯಲ್ಲಿ ಎಲ್ಲರೂ ಇಳಿದ ಮೇಲೆ ನೋಡಿದರೆ ಬಿಳಿ ಪಟಗಾಗಳೆಲ್ಲ ಹಳದಿ. ಯಾರೂ ಇರಲಿಲ್ಲವಾದ್ದರಿಂದ ನಾನೂ ಒಮ್ಮೆ ಕೈಮುಗಿದೆ.

ಧಾರವಾಡದಲ್ಲಿ ತಂಗಿ ರಾಜೇಶ್ವರಿ ಕೂಡಿಕೊಂಡಳು. ಕೊಡ ನೋಡಿದಳು, ನನ್ನನ್ನು ನೋಡಿದಳು, ತನ್ನ ಚೀಲವನ್ನು ಸೀಟಿನ ಕೆಳಗೆ ತಳ್ಳಿ ಕೊಡಗಳಿಗೆ ಜಾಗ ಮಾಡಿದಳು.

ಫೆಬ್ರವರಿ ೫. ಬುಧವಾರ, ಬೆಂಗಳೂರು

ಹೇಗೆ ಬರೆಯಲಿ?

ದೊಡ್ಡ ಹೋಟೆಲು. ಅದರೊಳಗಿನ ಹಾಲ್‌ನಲ್ಲಿ ನಮ್ಮ ಸುರೇಬಾನದ ಸಂತೆ ಸಲೀಸಾಗಿ ಕೂಡುತ್ತದೆ, ದನದ ಸಂತೆ ಸಹಿತ. ನಡುವೆ ಉದ್ದಕ್ಕೆ ಒಂದು ಬಿಳಿ ಹಾದಿ. ಎರಡೂ ಬದಿಗೆ ಕುರ್ಚಿಗಳು. ಯಾರೋ ಮೇಲಿನಿಂದ ಒಂದು ದೀಪ ಹಾಕಿದರು. ಹಾದಿ ಹುಣ್ಣಿಮೆಯ ಹೊಳೆಯಾಯಿತು. ಆ ಬೆಳಕಿನಲ್ಲಿ ಒಬ್ಬ ಹುಡುಗಿ ನಡೆದು ಬಂದಳು. ಬರಿಯ ತಾಲೀಮು, ಕಾಲಲ್ಲಿ ಹವಾಯಿ ಚಪ್ಪಲಿ. ಆದರೂ ಆ ನಡಿಗೆ! ತಲೆಯ ಮೇಲೆ ತುಂಬಿದ ಕೊಡ ಹೊತ್ತವರು ಮಾತ್ರ ಹಾಗೆ ನಡೆಯುತ್ತಾರೆ. ಕುತ್ತಿಗೆ ಅಲುಗಲಿಲ್ಲ. ನೋಡುತ್ತ ನಿಂತವನಿಗೆ ಬಾಯಿ ಮುಚ್ಚಲು ರಾಜೇಶ್ವರಿಯೇ ಹೇಳಬೇಕಾಯಿತು.

ಅಲ್ಲಿ ಕೆಲಸ ಮಾಡುವವರೆಲ್ಲ ಕರಿ ಅಂಗಿ ಹಾಕುತ್ತಾರೆ. ಬಿಳಿ ಧೋತರ, ಬಿಳಿ ಅಂಗಿ, ಕೆಂಪು ಅಂಚಿನ ಪಟಗಾದ ನಾನು ಕಾಗೆಗಳ ನಡುವೆ ಕೊಕ್ಕರೆಯಂತೆ ಕಾಣುತ್ತಿದ್ದೆ. ಹತ್ತು ಮಂದಿ ಫೋಟೋ ತೆಗೆದರು. ಒಬ್ಬಾಕೆ ಬಂದು “ಯಾರ ಡಿಸೈನ್ ಸರ್ ಇದು?” ಎಂದು ಕೇಳಿದಳು. “ಸುರೇಬಾನದ ಬಾಳೇಶ” ಎಂದೆ. ಬಾಳೇಶ ನಮ್ಮೂರ ದರ್ಜಿ. ಎರಡು ಸಲ ತೋಳು ಗಿಡ್ಡ ಮಾಡಿ ಕೊಟ್ಟಿದ್ದಾನೆ. ಆಕೆ ತಲೆದೂಗಿ ಬರೆದುಕೊಂಡಳು.

ವಿರೂಪಾಕ್ಷ ಎಂಬುವರು ಇಲ್ಲಿ ಶೋ ನಡೆಸುವವರು. ಕಿವಿಯಲ್ಲಿ ಯಂತ್ರ, ಕೈಯಲ್ಲಿ ಗಡಿಯಾರ. “ನೀವು ಮಾಡೆಲ್ಲಾ?” ಎಂದರು. ಹೂಂ ಎಂದೆ. ಸಾಲಿನಲ್ಲಿ ನಿಲ್ಲಿಸಿದರು. ನನ್ನ ಪಾಳಿ ಬಂದಾಗ ಮೀಸೆ ತಿರುವಿ ಬಿಳಿ ಹಾದಿಯ ಅರ್ಧದವರೆಗೆ ನಡೆದೆ. ಅಷ್ಟರಲ್ಲಿ ಶಿವಾನಿ ಓಡಿ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು.

“ಮಾಮಾ, ನಿನಗ ಚೂರರ ನಾಚಿಕಿ?”

“ನಡಿಗಿ ಹೆಂಗಿತ್ತು ಹೇಳು.”

“...ಚಲೋ ಇತ್ತು” ಎಂದು ನಕ್ಕಳು.

ಫೆಬ್ರವರಿ ೬. ಗುರುವಾರ

ಇವತ್ತು ಅಳತೆ ನೋಡುವ ದಿನ. ಶಿವಾನಿ ಹೊಲಿದದ್ದನ್ನು ಮೊದಲ ಸಲ ಕಂಡೆ. ಖಣದ ಬಟ್ಟೆಯ ಉದ್ದ ನಿಲುವಂಗಿ. ಕೌದಿಯ ತುಂಡುಗಳಿಂದ ಮಾಡಿದ ಕೋಟು. ಇಳಕಲ್ ಸೆರಗಿನ ಧೋತರ. ಎಲ್ಲ ನಾವು ಉಟ್ಟು ಹಾಸಿ ಹೊದ್ದದ್ದೇ. ಆದರೆ ಇವನ್ನು ನಾನು ಹಿಂದೆಂದೂ ನೋಡಿಯೇ ಇಲ್ಲವೇನೋ ಎನಿಸಿತು.

ಹಳದಿಯಾದ ಪಟಗಾಗಳನ್ನು ಹೊರತೆಗೆದಾಗ ಬೈಸಿಕೊಳ್ಳಲು ತಯಾರಾಗಿದ್ದೆ. ಶಿವಾನಿ ಮೂಸಿ ನೋಡಿದಳು. “ಭಂಡಾರ... ತೊಳಿಬ್ಯಾಡ ಮಾಮಾ, ಹಿಂಗ ಇರಲಿ” ಎಂದಳು.

ಮೊದಲು ಮಧು ಎಂಬ ಎತ್ತರದ ಹುಡುಗಿ. ಎರಡು ದಿನದಿಂದ ಬರಿ ಇಂಗ್ಲಿಷು. ಪುಣೆಯವಳು ಎಂದು ಎಲ್ಲರೂ ಹೇಳುತ್ತಿದ್ದರು. ಕೊಡದಿಂದ ತೆಗೆದ ಪಟಗಾ ತಲೆಯ ಮೇಲಿಟ್ಟದ್ದೇ ತಡ, ಜರ್ರನೆ ಇಳಿದು ಮೂಗಿನ ಮೇಲೆ ಕೂತಿತು.

“ಯವ್ವಾ! ಕಣ್ಣ ಕಾಣವಲ್ವು!”

ಪಟಗಾ ಎತ್ತಿ ಕೆಳಗಿನ ಮುಖ ನೋಡಿದೆ. “ಯಾವೂರವಾ ತಂಗಿ?”

“ಬೈಲಹೊಂಗಲರಿ ಕಾಕಾ” ಎಂದಳು ಪಿಸುಮಾತಿನಲ್ಲಿ. “ಯಾರ ಮುಂದೂ ಹೇಳಬ್ಯಾಡ್ರಿ.”

ಎರಡನೆಯದು ಇನ್ನೊಬ್ಬಳ ತುರುಬಿನ ಮೇಲೆ ಹಕ್ಕಿಯ ಗೂಡಿನಂತೆ ಕೂತಿತು. ಮೂರನೆಯದು ನಡೆದರೆ ತಿರುಗುತ್ತಿತ್ತು; ಹುಡುಗಿ ಒಂದು ಕಡೆ, ಪಟಗಾ ಇನ್ನೊಂದು ಕಡೆ. ಏಳರಲ್ಲಿ ಒಂದೂ ನಿಲ್ಲಲಿಲ್ಲ. ಗುರವ್ವ ಹೇಳಿದ್ದಳು. ಅವಳಿಗೆ ಇದನ್ನು ಹೇಳುವುದಿಲ್ಲ.

ವಿರೂಪಾಕ್ಷ ಗಡಿಯಾರ ನೋಡಿದರು. “ಶಿವಾನಿ, ನಾಡಿದ್ದು ಶೋ. ರಿಸ್ಕ್ ಬೇಡ. ಹುಡುಗರಿಗೆ ಮಾತ್ರ ಪಟಗಾ ಇರಲಿ, ಹುಡುಗೀರಿಗೆ ಬೇಡ.”

ಶಿವಾನಿ ನನ್ನ ಕಡೆ ನೋಡಿದಳು. ನಾನು ಒಂದು ಕೊಡದ ಕಂಠವನ್ನು ಒರೆಸುತ್ತಿದ್ದೆ. “ಆತ್ರಿ. ಹುಡುಗ್ಯಾರಿಗೆ ಬ್ಯಾಡ” ಎಂದು ಬಾಗಿಲಿನಾಚೆ ಹೋಗಿ ನಿಂತಳು. ಬಾಗಿಲಲ್ಲಿ ನಿಂತ ಆ ಮುಖ.

ಬರುವಾಗ ಗೋಡೆಯ ಮೇಲೆ ಅವಳ ಶೋದ ಹೆಸರಿನ ಹಲಗೆ ಹಚ್ಚುತ್ತಿದ್ದರು. ಇಂಗ್ಲಿಷಿನಲ್ಲಿತ್ತು. ಏನು ಎಂದು ಮಧುವನ್ನು ಕೇಳಿದೆ.

“ಹನ್ನೊಂದನೇ ದಿನ ಅಂತರಿ ಕಾಕಾ.”

ಫೆಬ್ರವರಿ ೭. ಶುಕ್ರವಾರ

ಊಟ ಸೇರಲಿಲ್ಲ. ಇಲ್ಲಿಯ ಅನ್ನ ಚಲೋ ಇಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಏಳೂ ಪಟಗಾಗಳನ್ನು ಬಿಸಿನೀರಿನ ಹಬೆಗೆ ಹಿಡಿದು, ಬಿಚ್ಚಿ, ಬಟ್ಟೆ ಮಾಡಿದೆ. ಹಳದಿ ಹಾಗೆಯೇ ಉಳಿಯಿತು. ಮಧು ಬಂದಳು. ಸ್ಟೂಲಿನ ಮೇಲೆ ಕೂಡು ಎಂದೆ.

“ತಲಿಗೇ ಸುತ್ತತೀರೇನ್ರಿ?”

“ಮತ್ತೇನ ಕೊಡಕ್ಕ ಸುತ್ತಲಿ?”

ಕೈಗೆ ಹಳೆಯ ಅಭ್ಯಾಸ. ಮೊದಲ ಸುತ್ತಿಗೆ ಮೊದಲು ಬಾಯಿ ತಾನಾಗಿ ಕೇಳಿತು: “ಯಾರ ಮಗಳು?”

ಸುತ್ತಲೂ ಹತ್ತು ಮಂದಿ ಇದ್ದರು. ಮಧು ಅವರನ್ನು ನೋಡಿದಳು, ಕನ್ನಡಿಯನ್ನು ನೋಡಿದಳು. ಆಮೇಲೆ ಗಟ್ಟಿಯಾಗಿಯೇ ಹೇಳಿದಳು: “ಬೈಲಹೊಂಗಲ ಸ್ಟ್ಯಾಂಡಿನ್ಯಾಗ ಚಾದಂಗಡಿ ಇಟ್ಟಾಳಲ್ರಿ ರಾಣಿ, ಆಕಿ ಮಗಳು.”

“ರಾಣಿ ಚಾ ಕುಡದೇನಿ. ಶುಂಠಿ ಭಾಳ ಹಾಕತಾಳ.”

“ಹೌದ್ರಿ!” ಎಂದು ಹುಡುಗಿ ಗಲ್ಲ ಉಬ್ಬಿಸಿ ನಕ್ಕಳು.

ಈಗ ಒಂದು ಮಾತು ಬರೆಯಬೇಕು. ಡೈರಿ ಬೀರಪ್ಪನ ಕೈಗೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ. ಜಡೆಯ ಮೇಲೆ ಪಟಗಾ ನಿಲ್ಲುವುದಿಲ್ಲ ಎನ್ನುವುದು ಸುಳ್ಳು. ಜಡೆಯನ್ನು ಮೇಲೆತ್ತಿ ಮೊದಲ ಸುತ್ತಿನೊಳಗೆ ಹೆಣೆದರೆ ಅದೇ ಗೂಟ, ಅದೇ ಹಗ್ಗ. ಗಂಡಸರ ಬೋಳುತಲೆಯ ಮೇಲೆ ಬಟ್ಟೆ ಜಾರಬಾರದೆಂದು ನಾವು ಎಷ್ಟು ಒದ್ದಾಡುತ್ತೇವೆ! ಇಲ್ಲಿ ಒಂದು ಎಳೆಯೂ ಅಲುಗಲಿಲ್ಲ. ಮಧು ತಲೆ ಕೊಡವಿದಳು, ಬಗ್ಗಿದಳು, ಕುಣಿದಳು. ಪಟಗಾ ತಲೆಯೊಂದಿಗೇ ಹುಟ್ಟಿದಂತಿತ್ತು. ವಿರೂಪಾಕ್ಷರೂ ನೋಡಿ, “ಹಾಗಾದ್ರೆ ಹುಡುಗೀರಿಗೂ ಇರಲಿ” ಎಂದರು. ಮೂವತ್ತೈದು ವರ್ಷ ಪಟಗಾ ಸುತ್ತಿದವನು ಇದನ್ನು ಇವತ್ತು ಕಲಿತೆ.

ಉಳಿದ ಆರು ಹುಡುಗಿಯರೂ ಬಂದು ಕೂತರು. ಮಣಿಪುರದವಳೊಬ್ಬಳು, ದೆಹಲಿಯವಳೊಬ್ಬಳು. ನನ್ನ ಪ್ರಶ್ನೆಯನ್ನು ಮಧು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಒಬ್ಬೊಬ್ಬಳೂ ತನ್ನ ಮನೆಯ ಹೆಸರು, ಅಪ್ಪನ ಹೆಸರು, ಒಬ್ಬಳು ಅಜ್ಜಿಯ ಹೆಸರು ಹೇಳಿ ಸುಮ್ಮನೆ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಗುಂಡಿ ಹಚ್ಚುವವರು, ಇಸ್ತ್ರಿ ಮಾಡುವವರು, ಸೂಜಿ ಹಲ್ಲಲ್ಲಿ ಕಚ್ಚಿಕೊಂಡವರು ಎಲ್ಲ ಕೆಲಸ ಬಿಟ್ಟು ನಿಂತಿದ್ದರು. ಅವರ ಬೆರಳುಗಳನ್ನು ನೋಡಿದೆ. ಸೂಜಿ ಚುಚ್ಚಿದ ತೂತುಗಳು, ಇಸ್ತ್ರಿಯ ಸುಟ್ಟ ಕಲೆಗಳು. ನನ್ನ ಬೆರಳನ್ನೂ ಅವರು ನೋಡಿದರು. ಇಸ್ತ್ರಿಯವರು ನನಗೊಂದು ಕರಿ ಅಂಗಿ ತಂದುಕೊಟ್ಟರು. ಹಾಕಿಕೊಂಡೆ.

ಶಿವಾನಿ ದೂರದಲ್ಲಿ ನಿಂತಿದ್ದಳು. ಒಂದು ಬಟ್ಟೆಯ ತುದಿ ನೆಲಕ್ಕೆ ತಾಗುವುದರಲ್ಲಿತ್ತು. ಬಂದು ಎತ್ತಿ ಹಿಡಿದಳು, ಹದಿನೆಂಟು ಮೊಳ ಮುಗಿಯುವವರೆಗೆ ಹಿಡಿದೇ ಇದ್ದಳು.

ಫೆಬ್ರವರಿ ೮. ಶನಿವಾರ

ನಿಧಾನವಾಗಿ ಬರೆಯುತ್ತೇನೆ. ಬಿಟ್ಟುಹೋಗಬಾರದು.

ಸಂಜೆ ಆರಕ್ಕೆ ಹಾಲ್ ತುಂಬಿತು. ಪರದೆಯ ಹಿಂದೆ ನಾವು ಇಪ್ಪತ್ತು ಮಂದಿ, ಕರಿ ಅಂಗಿಯವರು. ಯಾರೂ ಕೂಗಾಡಲಿಲ್ಲ. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಕೇಳದೆಯೇ ಕತ್ತರಿ ಇಡುತ್ತಿದ್ದರು. ಒಕ್ಕಣೆ ಮಾಡುವ ಕಣದಲ್ಲಿ ಹೀಗಿರುತ್ತದೆ, ಮಳೆ ಬರುವ ಮೊದಲು. ಹದಿಮೂರು ಪಟಗಾ ಮುಗಿಸಿ ಕೈ ಕೊಡವಿದಾಗ ವಿರೂಪಾಕ್ಷ ನನ್ನ ಬೆನ್ನ ಮೇಲೆ ಕೈಯಿಟ್ಟು “ಸರ್, ನೀವು ಟೈಮಿಗಿಂತ ನಾಲ್ಕು ನಿಮಿಷ ಮುಂದಿದ್ದೀರಿ” ಎಂದರು. ತಿರುಗಿ ಒಂದು ದೊಡ್ಡ ಮಾತು ಆಡಬಹುದಾಗಿತ್ತು. ಹೊಳೆಯಲಿಲ್ಲ.

ದೀಪ ಆರಿತು. ಮೊದಲು ಸಂಬಾಳ ವಾದ್ಯದ ಸದ್ದು, ಆಮೇಲೆ ಏನೂ ಇಲ್ಲ, ಬರಿಯ ಹೆಜ್ಜೆ. ಪರದೆಯ ಸಂದಿಯಿಂದ ನೋಡಿದೆ. ಮಧು ಬೆಳಕಿನೊಳಗೆ ಹೋದಳು. ಹಳದಿ ಪಟಗಾ, ಖಣದ ನಿಲುವಂಗಿ. ಬಸ್ಸಿನ ಮುದುಕಿ ಕೊಟ್ಟ ಭಂಡಾರ ದೀಪಕ್ಕೆ ಬಂಗಾರವಾಯಿತು. ಅಷ್ಟು ಮಂದಿ ಇದ್ದ ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ. ಒಬ್ಬರ ಹಿಂದೆ ಒಬ್ಬರು ಹದಿಮೂರು ಯಜಮಾನರು ನಡೆದುಹೋದರು. ಗಂಡು ಯಾವುದು, ಹೆಣ್ಣು ಯಾವುದು ಎಂದು ನನಗೆ ಲೆಕ್ಕ ತಪ್ಪಿತು. ಗುಡ್ಡದ ಮೆಟ್ಟಿಲು ಏರಿ ಗುಡಿಯ ದೀಪ ಕಂಡಾಗ ಎದೆ ಹೇಗಾಗುತ್ತದೆಯೋ ಹಾಗಾಯಿತು.

ಚಪ್ಪಾಳೆ ಎದ್ದಿತು. ಕೊನೆಯಲ್ಲಿ ಹೊಲಿದವರು ಹೊರಗೆ ಹೋಗಿ ನಿಲ್ಲಬೇಕಂತೆ. ಹದಿಮೂರು ಮಂದಿಯೂ ಹೊರಗೆ ಸಾಲಾಗಿ ನಿಂತು ಕಾಯುತ್ತಿದ್ದರು. “ಶಿವಾನಿ, ಹೋಗಿ!” ಎಂದರು ವಿರೂಪಾಕ್ಷ.

ಶಿವಾನಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಹೋಗಲಿಲ್ಲ. ತನ್ನ ಬರಿತಲೆ ಮುಟ್ಟಿಕೊಂಡಳು. “ಮಾಮಾ, ಅವ್ರ ಮುಂದ ನಾ ಹಿಂಗ ಹೆಂಗ ಹೋಗ್ಲಿ?”

ನೋಡಿದೆ. ಹೊರಗೆ ಹದಿಮೂರು ಪಟಗಾ. ಒಳಗೆ ಮನೆಯ ಯಜಮಾನಿ ಬರಿತಲೆಯಲ್ಲಿ. ಪೆಟ್ಟಿಗೆ ತೆಗೆದೆ; ಬಟ್ಟೆ ಒಂದು ಮೊಳವೂ ಉಳಿದಿರಲಿಲ್ಲ.

ಕೈ ಮೇಲಕ್ಕೆ ಹೋಯಿತು. ನನ್ನ ತಲೆಯಿಂದ ನನ್ನದನ್ನು ಬಿಚ್ಚಿದೆ.

“ಮಾಮಾ!”

“ಕುಂದ್ರು.”

ಇಸ್ತ್ರಿಯವರು ಸ್ಟೂಲು ದೂಡಿದರು. ಕೂತಳು.

“ಯಾರ ಮಗಳು?”

ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. “ಬಸವಲಿಂಗನ ಮಗಳು.”

ಮೊದಲ ಸುತ್ತು ಹಾಕಿದೆ. “ಜಡಿ ಇಲ್ಲ ಮಾಮಾ” ಎಂದಳು. “ಕತ್ತರಿಸಿಬಿಟ್ಟೆ. ನಿಂದರತೈತೇನ?”

“ನಿಂದರತೈತಿ. ಜಡಿ ಇದ್ದಿದ್ರ ಇನ್ನೂ ಚಲೋ ನಿಂದರತಿತ್ತು. ನಾ ಅವತ್ತ ಸುಳ್ಳ ಹೇಳಿದ್ದೆ.”

“ಇಪ್ಪತ್ತು ಸೆಕೆಂಡ್!” ಎಂದರು ವಿರೂಪಾಕ್ಷ. ಎಷ್ಟೋ ಸೆಕೆಂಡಿನಲ್ಲಿ ಮುಗಿಸಿದೆ, ಗೊತ್ತಿಲ್ಲ. ಕೆಂಪು ಅಂಚು ಹಣೆಯ ನಡುವೆ ಬಂತು. ಶಿವಾನಿ ಎದ್ದಳು, ನನ್ನ ಕಾಲು ಮುಟ್ಟಲು ಬಾಗಿದಳು, ತಡೆದೆ. ಪಟಗಾ ಸುತ್ತಿಸಿಕೊಂಡವರು ಅವತ್ತು ಬಾಗಬಾರದು.

ಬೆಳಕಿನೊಳಗೆ ಹೋದಳು. ಮೂರನೆಯ ಸಾಲಿನಲ್ಲಿ ರಾಜೇಶ್ವರಿ ಎದ್ದು ನಿಂತಳು. ಅವಳ ಹಿಂದಿನವರು ಕಾಣುವುದಿಲ್ಲ ಎಂದು ತಾವೂ ಎದ್ದರು. ಅವರ ಹಿಂದಿನವರೂ ಎದ್ದರು. ನಾನು ಪರದೆ ಹಿಡಿದುಕೊಂಡು ನೋಡುತ್ತಿದ್ದೆ.

ಫೆಬ್ರವರಿ ೧೦. ಸೋಮವಾರ, ಸುರೇಬಾನ

ಧಾರವಾಡದವರೆಗೆ ರಾಜೇಶ್ವರಿಯೂ ನಾನೂ ಒಂದೇ ರೈಲಿನಲ್ಲಿ ಬಂದೆವು. ಇಳಿಯುವಾಗ, “ಅವತ್ತ ನಾನೂ ನಕ್ಕಿದ್ದೆ ಅಣ್ಣಾ” ಎಂದಳು. ಅವಳ ಚೀಲ ಎತ್ತಿಕೊಟ್ಟೆ.

ಶಿವಾನಿ ಫೋನ್ ಮಾಡಿದ್ದಳು. ಇಬ್ಬರು ದೊಡ್ಡ ಅಂಗಡಿಯವರು ಭೇಟಿಗೆ ಕರೆದಿದ್ದಾರಂತೆ. ಬಟ್ಟೆಯ ಮೇಲೆ ಯಾವ ಹೆಸರು ಹಾಕುತ್ತಿ ಎಂದೆ. “ಶಿವಾನಿ ಬಸವಲಿಂಗ” ಎಂದಳು.

ಊರಿಗೆ ಬಂದಾಗ ಬೀರಪ್ಪ ಸ್ಟ್ಯಾಂಡಿನಲ್ಲೇ ಹಾರ ಹಿಡಿದು ನಿಂತಿದ್ದ, ಚೇಷ್ಟೆಗೆ.

“ಬರ್ರಿ ಮುಖ್ಯ ಅತಿಥಿಗಳ! ಎಷ್ಟನೇ ಕುರ್ಚಿ ಕೊಟ್ಟಿದ್ರು?”

“ಕುಂದರಲಿಲ್ಲೋ. ಪರದೆ ಹಿಂದ ನಿಂತಿದ್ದೆ. ನಾವು ಇಪ್ಪತ್ತು ಮಂದಿ ಇದ್ವಿ. ಇಸ್ತ್ರಿ ಮಾಡಾವ್ರದು ಒಂದು ಕೈ ಅದ ನೋಡು ಬೀರಪ್ಪ, ಖಣದ ಮ್ಯಾಲ ಹೂವಿನಂಗ ಹಾಯ್ತಿತ್ತು...” ಹೇಳುತ್ತ ಹೋದೆ. ಮಧುವಿನ ನಡಿಗೆ, ಗುಂಡಿ ಹಚ್ಚುವವರ ವೇಗ, ವಿರೂಪಾಕ್ಷರ ಗಡಿಯಾರ. ಬೀರಪ್ಪ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಆರಾಮ ಅದಿಯಿಲ್ಲೋ? ಪಟಗಾ ಎಲ್ಲಿ?”

“ಯಾರದಿತ್ತೋ ಅವರ ತಲಿಗೆ ಹೋತು.”

ಹಾರವನ್ನು ಅವನು ಸುತ್ತಿ ಚೀಲದಲ್ಲಿಟ್ಟುಕೊಂಡ. ಏಳು ಕೊಡಗಳಲ್ಲಿ ಮೂರನ್ನು ತಾನೇ ಹೊತ್ತು ಮನೆಯವರೆಗೆ ಬಂದ.

ಗುರವ್ವ ಕಟ್ಟೆಯ ಮೇಲೆ ಕೊಡಗಳನ್ನು ಎಣಿಸಿಕೊಂಡಳು. ಆಮೇಲೆ ನನ್ನ ತಲೆ ನೋಡಿದಳು. “ಅಯ್ಯ, ಹಗಲಿನ್ಯಾಗ ಇಷ್ಟು ಹೊಳೀತೈತೇನ್ರಿ ಇದು!” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಳಗೆ ಹೋಗಿ ಟ್ರಂಕಿನಿಂದ ಹೊಸ ಬಟ್ಟೆ ತಂದು ಮೊಣಕಾಲ ಮೇಲಿಟ್ಟಳು.

“ಕೊಡದ ಪಟಗಾ ನಿಂತುವೇನ್ರಿ?”

“ಒಂದೂ ನಿಂದರಲಿಲ್ಲ. ನೀ ಹೇಳಿದ್ದ ಖರೆ ಆತು.”

ಕೈಯಲ್ಲಿದ್ದ ಬಟ್ಟೆಯ ತುದಿ ಹಾಗೆಯೇ ಹಿಡಿದು ನನ್ನ ಮುಖವನ್ನೇ ನೋಡಿದಳು. ಜ್ವರ ಬಂದಿದೆಯೇನೋ ಎಂಬಂತೆ ಹಣೆ ಮುಟ್ಟಿ ನೋಡಿದಳು.

ಪಟಗಾ ನಾಳೆ ಸುತ್ತಿಕೊಂಡರಾಯಿತು. ಹೊಳೆಯ ಕಡೆಯಿಂದ ಗಾಳಿ ಬರುತ್ತಿದೆ, ತಲೆಗೆ ಹಿತವಾಗಿದೆ.